ಮಳೆಗಾಲದಲ್ಲಿ ಬರುವ ಕಂತು

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ನಮ್ಮ ಓದುಗರಿಗೆ ಈ ವಾರ ಒಂದು ಪ್ರಶ್ನೆ. ನಿಮ್ಮ ಮನೆಗೆ ರೊಕ್ಕ ಬರುವ ತಿಂಗಳುಗಳು ಯಾವುವು, ಸಾಲದ ಕಂತು ಕಟ್ಟಬೇಕಾದ ತಿಂಗಳುಗಳು ಯಾವುವು? ಒಂದು ಚೀಟಿಯ ಮೇಲೆ ಎರಡನ್ನೂ ಎದುರುಬದುರಾಗಿ ಬರೆದು ನೋಡಿರಿ. ಘಟ್ಟದ ಮೇಲಿನ ಬಡ ಬೇಸಾಯಗಾರನು ಸುಸ್ತಿದಾರನಾಗುವುದು ಏಕೆಂಬುದಕ್ಕೆ ಬಹುಪಾಲು ಉತ್ತರ ಆ ಚೀಟಿಯಲ್ಲಿಯೇ ಸಿಕ್ಕೀತು.

ಜೋಯಿಡಾ ಕಡೆಯ ಒಂದು ಕುಣಬಿ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಭತ್ತ ಮನೆ ಸೇರುವುದು ದೀಪಾವಳಿಯ ಆಸುಪಾಸಿನಲ್ಲಿ. ಅದು ಊಟಕ್ಕೆ, ಮಾರಲು ಉಳಿಯುವುದು ಅಲ್ಪ. ಗೆಡ್ಡೆ-ಗೆಣಸು ಅಗೆದು ಪೇಟೆಗೆ ಒಯ್ಯುವುದು ಚಳಿಗಾಲದಲ್ಲಿ. ಗೇರುಬೀಜ, ಮುರುಗಲು, ಜೇನು ಬೇಸಿಗೆಯವು. ಮಿರಗದ ಮಳೆ ಹಿಡಿಯಿತೆಂದರೆ ಕೈಗೆ ಬರುವ ಕಾಸು ನಿಂತಿತು. ಆದರೆ ಖರ್ಚು ಶುರುವಾಗುವುದು ಆಗಲೇ. ಬೀಜ, ಗೊಬ್ಬರ, ಮಕ್ಕಳ ಶಾಲೆ, ಹೊದಿಕೆ, ಜ್ವರ, ಔಷಧ. ಗೌಳಿಯ ಮನೆಯಲ್ಲಿ ಎಮ್ಮೆಯ ಹಾಲು ಬತ್ತಿದ ತಿಂಗಳುಗಳಲ್ಲಿಯೂ ಇದೇ ಪಾಡು. ಹಳಿಯಾಳ, ಮುಂಡಗೋಡದ ಬಯಲಿನ ಕಡೆ ಗೋವಿನಜೋಳ, ಹತ್ತಿ ಬೆಳೆಯುವ ಸಣ್ಣ ಹಿಡುವಳಿದಾರನಿಗೆ ಸುಗ್ಗಿ ಬೇರೆ; ಆದರೆ ಅವನಿಗೂ ಶ್ರಾವಣದಲ್ಲಿ ರೊಕ್ಕ ಇರುವುದಿಲ್ಲ.

ಇಂತಹ ಮನೆಗೆ ವಾರವಾರ ಕಂತು ಕೇಳುವ ಕಿರುಸಾಲ ಬಂದರೆ ಏನಾದೀತು? ಆಷಾಢದ ಕಂತಿಗೆ ಇನ್ನೊಂದು ಕಡೆ ಕೈಸಾಲ, ಆ ಕೈಸಾಲಕ್ಕೆ ಮುಂಬರುವ ಫಸಲಿನ ಮೇಲೆ ವ್ಯಾಪಾರಿಯ ಮುಂಗಡ. ಮುಂಗಡ ಕೊಟ್ಟವನು ದರವನ್ನೂ ತಾನೇ ಹೇಳುತ್ತಾನೆ. ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿ, ಜೀವಗಳೂ ಹೋದ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಹೇಳಲಾಯಿತು. ಸರಿಯಾದುದೇ. ಆದರೆ ವಸೂಲಿಗಾರನನ್ನು ಅಂಗಳದಿಂದ ಅಟ್ಟಿದ ಮಾತ್ರಕ್ಕೆ ಬೀಜದ ರೊಕ್ಕ ಬಂದಂತಾಗಲಿಲ್ಲ.

ಈ ನಾಡಿಗೆ ಬಂಡವಾಳವೇ ಬರಲಿಲ್ಲವೆಂದು ಹೇಳುವಂತಿಲ್ಲ. 1955ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಈ ಕಾಡಿನ ಬಿದಿರು ಹೋಯಿತು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಎದ್ದಿತು, ನಾಗಝರಿಯಲ್ಲಿ ವಿದ್ಯುದಾಗಾರ ಬಂತು. ಸೂಪಾ ಪೇಟೆ ನೀರಿನಲ್ಲಿ ಮುಳುಗಿತು, ಜನ ರಾಮನಗರಕ್ಕೆ ಹೋಗಿ ನೆಲೆಸಿದರು, ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಇದೆ. ನೀರಾವರಿಯಲ್ಲಿ ಕಬ್ಬು ಬೆಳೆಯುವವನಿಗೆ ಬ್ಯಾಂಕಿನಲ್ಲಿ ಕುರ್ಚಿ ಸಿಗುತ್ತದೆ. ನದಿಗೆ, ಬಿದಿರಿಗೆ, ಕಬ್ಬಿಗೆ ದುಡ್ಡು ಹಾಕಲು ದಾರಿ ಗೊತ್ತಿದ್ದವರಿಗೆ ಎರಡೆಕರೆ ಅಂಚಿನ ಭೂಮಿಯ ಮನೆಗೆ ಹಾಕುವ ದಾರಿ ಏಕೆ ತಿಳಿಯಲಿಲ್ಲ?

ಮೊದಲ ತೊಡಕು ಕಾಗದದ್ದು. ಉತ್ತರ ಕನ್ನಡದ ನೆಲದಲ್ಲಿ ಬಹುಭಾಗ ಅರಣ್ಯ ಇಲಾಖೆಯದು. ಅಜ್ಜನ ಕಾಲದಿಂದ ಉಳುತ್ತಿದ್ದರೂ ಪಹಣಿಯಲ್ಲಿ ಹೆಸರಿಲ್ಲ. ಪಹಣಿ ಇಲ್ಲದವನಿಗೆ ಸೊಸಾಯ್ಟಿಯಲ್ಲಿ ಬೆಳೆಸಾಲವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಬಾಗಿಲು ತೆರೆಯಿತೆಂದು ಎಲ್ಲರೂ ತಿಳಿದರು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿದ್ದರೆ ಸಾಕು; ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆ ತರಬೇಕು. ಕಾಡಿನೊಳಗಿನ ಮನೆಯಲ್ಲಿ 75 ವರ್ಷದ ಕಾಗದ ಗೆದ್ದಲಿಗೆ ಉಳಿದಿರುತ್ತದೆಯೇ? ಈ ಜಿಲ್ಲೆಯಲ್ಲಿ ಹೆಚ್ಚಿನ ಅರ್ಜಿಗಳು ತಿರಸ್ಕೃತವಾದುದು ಈ ಕಲ್ಲಿಗೆ ಎಡವಿಯೇ.

ಇಲ್ಲಿ ಇನ್ನೊಂದು ಮಾತು ಹೇಳದೆ ಇರಲಾಗದು. 2003ರಲ್ಲಿ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾಯ್ದೆಯಿಂದ ಉತ್ತರ ಕನ್ನಡದ ಸಿದ್ದಿಗಳೂ ಗೋವೆಯ ಕುಣಬಿಗಳೂ ಪರಿಶಿಷ್ಟ ಪಂಗಡಗಳ ಪಟ್ಟಿ ಸೇರಿದರು. ಗಡಿಯ ಈಚೆ, ಜೋಯಿಡಾದ ಕುಣಬಿಗಳು ಸೇರಲಿಲ್ಲ. ಗೌಳಿಗಳೂ ಸೇರಿಲ್ಲ. ಬೇಡಿಕೆ ಹಳೆಯದು. ಒಂದೇ ಕಾಡು, ಒಂದೇ ಬೇಸಾಯ, ನೆಂಟಸ್ತಿಕೆಯೂ ಇದ್ದೀತು. ಆದರೆ ಒಂದು ಮನೆಗೆ ಅನ್ವಯಿಸುವ ನಿಧಿ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಹಕ್ಕುಪತ್ರ ಸಿಕ್ಕವರ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ಆ ಭೂಮಿ ಮಕ್ಕಳಿಗೆ ಹೋಗುತ್ತದೆ. ಮಾರಲು, ಪರಭಾರೆ ಮಾಡಲು ಬರುವುದಿಲ್ಲ. ಒಳ್ಳೆಯ ನಿಯಮ; ಇಲ್ಲದಿದ್ದರೆ ಎಂದೋ ಸಾಹುಕಾರನ ಪಾಲಾಗುತ್ತಿತ್ತು. ಆದರೆ ಅಡಮಾನವಾಗದ ಭೂಮಿ ಎಂದು ಬ್ಯಾಂಕಿನವರು ಕಾಗದವನ್ನು ಹಿಂದಕ್ಕೆ ಸರಿಸುತ್ತಾರೆ. ಓದುಗರು ಇದನ್ನು ನೆನಪಿನಲ್ಲಿಡಬೇಕು: 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನವನ್ನೇ ಕೇಳಬಾರದೆಂದು ರಿಸರ್ವ್ ಬ್ಯಾಂಕು ಹೇಳಿದೆ. ಮೊದಲು ಈ ಮಿತಿ 1 ಲಕ್ಷ 60 ಸಾವಿರ ಇತ್ತು. ಸ್ವಂತ ಭೂಮಿ ಇಲ್ಲದ ಗೇಣಿದಾರ, ಪಾಲುದಾರ ಸಹ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಹರೇ. ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಂಡು ಕೇಳಲಿಕ್ಕೂ ಬರುತ್ತದೆ.

ಇಷ್ಟಾದರೂ ಕಾಲದ ಪ್ರಶ್ನೆ ಉಳಿಯುತ್ತದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ರಾಜ್ಯ ಸರ್ಕಾರ 2023ರಲ್ಲಿ ಸಹಕಾರಿ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೇ 3ರ ಬಡ್ಡಿಯ ಮಧ್ಯಮ, ದೀರ್ಘಾವಧಿ ಸಾಲವನ್ನು 10 ಲಕ್ಷದಿಂದ 15 ಲಕ್ಷಕ್ಕೆ. ಐದು ಲಕ್ಷದ ಬೆಳೆಸಾಲ ಎತ್ತುವ ಯೋಗ್ಯತೆ ಎರಡೆಕರೆಯವನಿಗೆ ಎಲ್ಲಿದೆ? ಅವನಿಗೆ ಬೇಕಾದುದು ಕಡಿಮೆ ಮೊತ್ತ, ಆದರೆ ಮರ ಫಲ ಕೊಡುವವರೆಗೆ ತಾಳುವ ಮೊತ್ತ. ಕಸಿ ಗೇರು ಮೂರು ನಾಲ್ಕು ವರ್ಷಕ್ಕೆ ಬಿಟ್ಟೀತು, ಮಾವು ಐದಾರು ವರ್ಷ ಕೇಳುತ್ತದೆ. ವರ್ಷಕ್ಕೆ ತೀರುವ ಸಾಲವನ್ನು ತಂದು ಗೇರು ಹಚ್ಚಿದವನು ಎರಡನೆಯ ವರ್ಷಕ್ಕೇ ಸುಸ್ತಿ.

ಇದನ್ನು ಅರಿತು ಕೆಲಸ ಮಾಡಿದವರಿದ್ದಾರೆ. ಮಣಿಭಾಯಿ ದೇಸಾಯಿ ಅವರು ಉರುಳಿಕಾಂಚನದಲ್ಲಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆಯು 1982ರಲ್ಲಿ ಗುಜರಾತಿನ ವಾಂಸ್ದಾದ ಗುಡ್ಡಗಾಡಿನ ಆದಿವಾಸಿ ಕುಟುಂಬಗಳೊಂದಿಗೆ ‘ವಾಡಿ’ ಎಂಬ ಪದ್ಧತಿ ಆರಂಭಿಸಿತು. ಮನೆಗೆ ಒಂದೆಕರೆಯಷ್ಟು ಜಾಗದಲ್ಲಿ ಮಾವು, ಗೇರು. ಸಾಲುಗಳ ನಡುವೆ ಧಾನ್ಯ, ತರಕಾರಿ. ಬದುವಿನ ಸುತ್ತ ಸೌದೆ, ಮೇವಿನ ಗಿಡ. ಸಸಿ, ಬೇಲಿ, ನೀರಿನ ವ್ಯವಸ್ಥೆಗೆ ಸಹಾಯಧನ. ಕುಟುಂಬದ ಪಾಲು ಅದರ ದುಡಿಮೆ. ಮರ ಬಿಡುವತನಕ ನಡುವಿನ ಬೆಳೆ ಹೊಟ್ಟೆ ನೋಡಿಕೊಳ್ಳುತ್ತದೆ. ಸಾಲ ಬರುವುದು ಆಮೇಲೆ, ಮಾರಲು ಸರಕು ಇದ್ದಾಗ. ಇದೇ ಮಾದರಿಯನ್ನು ದೇಶದಾದ್ಯಂತ ನಡೆಸಲು ನಬಾರ್ಡ್ 2003-04ರಲ್ಲಿ ಬುಡಕಟ್ಟು ಅಭಿವೃದ್ಧಿ ನಿಧಿಯನ್ನು 50 ಕೋಟಿ ರೂಪಾಯಿಯೊಂದಿಗೆ ತೆರೆಯಿತು. ಜೋಯಿಡಾದ ಮನೆಯವರಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಹಿತ್ತಿಲಲ್ಲಿ ಗೆಡ್ಡೆ, ಮೇಲೆ ಮುರುಗಲು, ಬೇಲಿಗೆ ಹಬ್ಬಿದ ಬಳ್ಳಿ. ಅಲ್ಲಿ ನಡೆಯುವ ಗೆಡ್ಡೆ-ಗೆಣಸಿನ ಮೇಳಕ್ಕೆ ಹೋದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕೊರತೆ ಇರುವುದು ಐದು ವರ್ಷ ತಾಳುವ ರೊಕ್ಕದ್ದು.

ಆದುದರಿಂದ ಜಿಲ್ಲೆಯ ಆಡಳಿತಕ್ಕೂ ಬ್ಯಾಂಕುಗಳಿಗೂ ನಮ್ಮ ಒತ್ತಾಯ ಹೀಗಿದೆ. ಹೆಸರು ಯಾವ ಪಟ್ಟಿಯಲ್ಲಿದೆ ಎಂದು ನೋಡದೆ, ಕಾಡಂಚಿನ ಸಣ್ಣ ಹಿಡುವಳಿಯ ಕುಣಬಿ, ಗೌಳಿ ಮನೆಗಳಿಗೂ ವಾಡಿಯಂತಹ ಸಹಾಯಧನವನ್ನು ರಾಜ್ಯದ ಬೊಕ್ಕಸದಿಂದ ಕೊಡಬೇಕು. ಸಾಲ ಕೊಡುವಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂತು ಇರಕೂಡದು. ಇದು ದಯೆಯ ಮಾತಲ್ಲ: ಮರುಪಾವತಿಯ ಅವಧಿಯನ್ನು ಕೊಯ್ಲು ಮತ್ತು ಮಾರಾಟದ ಕಾಲ ನೋಡಿ ಗೊತ್ತುಮಾಡಲು ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮದಲ್ಲಿಯೇ ಅವಕಾಶವಿದೆ. ನಿಯಮವನ್ನು ಓದುವ ಪುರುಸೊತ್ತು ಶಾಖೆಯವರಿಗೆ ಇಲ್ಲದಿದ್ದರೆ ನಾವು ಓದಿ ಹೇಳಬೇಕಾಗುತ್ತದೆ.

ಇನ್ನು ನೀವು ಮಾಡಬಹುದಾದ ಕೆಲಸ. ಒಂದೊಂದು ಬೆಳೆಗೆ ಎಕರೆಗೆ ಎಷ್ಟು ಸಾಲ ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ವರ್ಷವರ್ಷ ಗೊತ್ತುಮಾಡುತ್ತದೆ. ಗೆಡ್ಡೆ-ಗೆಣಸಿಗೆ, ಮುರುಗಲಿಗೆ ಆ ಪಟ್ಟಿಯಲ್ಲಿ ಎಷ್ಟು ಬರೆದಿದ್ದಾರೆಂದು ನಿಮ್ಮ ಸೊಸಾಯ್ಟಿಯ ಕಾರ್ಯದರ್ಶಿಯವರನ್ನು ಕೇಳಿರಿ. ಇಲ್ಲದಿದ್ದರೆ ಸಂಘದ ಸಭೆಯಲ್ಲಿ ಠರಾವು ಮಾಡಿ ಕಳಿಸಿರಿ. ಹಕ್ಕುಪತ್ರ ಸಿಕ್ಕಿದ್ದರೆ ಅದರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು, ನೋಡಿಕೊಳ್ಳಿರಿ. ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದವರು ಗಾಬರಿಯಾಗಬೇಕಿಲ್ಲ. 2025ರ ಮೇ 1ರಿಂದ ಅದು ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಜೇನು, ಹೈನು, ಹೊಲಿಗೆ ಕಲಿಯಬೇಕೆಂಬ ಮಕ್ಕಳು ಮನೆಯಲ್ಲಿದ್ದರೆ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇದೆ. ಅಲ್ಲಿ ತರಬೇತಿಗೆ ಶುಲ್ಕವಿಲ್ಲ.

ಮೊದಲು ಹೇಳಿದ ಆ ಚೀಟಿಯನ್ನು ಎಸೆಯಬೇಡಿರಿ. ಸಾಲದ ಅರ್ಜಿಯೊಂದಿಗೆ ಅದನ್ನೂ ಲಗತ್ತಿಸಿ, ‘ನನ್ನ ಕಂತು ಜನವರಿ ಮತ್ತು ಮೇ ತಿಂಗಳಲ್ಲಿ ಇರಲಿ’ ಎಂದು ಬರೆದು, ಶಾಖೆಯ ಮುದ್ರೆ ಹಾಕಿಸಿಕೊಂಡ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ.