ಅಜ್ಜಿಯ ಹಾಸಿಗೆ ಎಷ್ಟು ಎತ್ತರ ಇರಬೇಕು?

ಮನೆಯಲ್ಲಿ ಅಜ್ಜಿಗೋ ತಾತನಿಗೋ ಮಂಡಿ ಬದಲಿಸುವ ಆಪರೇಷನ್ ಅಂತ ಡೇಟ್ ಫಿಕ್ಸ್ ಆದರೆ ನಮ್ಮಂಥವರಿಗೆ ಒಂದು ಫೋನ್ ಬಂದೇ ಬರುತ್ತೆ. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಆನ್‌ಲೈನ್‌ನಲ್ಲಿ ಒಂದು ಒಳ್ಳೆ ಹಾಸಿಗೆ ನೋಡಿ ಹೇಳು." ನಾವು ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡು ಹತ್ತು ಟ್ಯಾಬ್ ತೆಗೀತೀವಿ, ಸ್ಟಾರ್ ಎಣಿಸ್ತೀವಿ, 'ಆರ್ಥೋಪೆಡಿಕ್' ಅಂತ ಬರೆದಿರೋದನ್ನ ಆರಿಸಿ ಮನೆಯ ಗ್ರೂಪಿಗೆ ಲಿಂಕ್ ಹಾಕ್ತೀವಿ. ನಮ್ಮ ಕರ್ತವ್ಯ ಮುಗೀತು.

ಮುಗಿದಿಲ್ಲ ಅನ್ನೋದೇ ಈ ಲೇಖನದ ವಾದ. ಮಂಡಿ ಆಪರೇಷನ್ ಆದವರ ಹಾಸಿಗೆ ಎಷ್ಟು ಮೆತ್ತಗಿದೆ, ಎಷ್ಟು ದುಬಾರಿ ಅನ್ನೋದು ಆಮೇಲಿನ ಮಾತು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅವರು ಅದರಿಂದ ಎದ್ದು, ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬರೋಕೆ ಆಗುತ್ತಾ ಅನ್ನೋದು ಮೊದಲ ಪ್ರಶ್ನೆ. ಇದಕ್ಕೆ ಉತ್ತರ ರಿವ್ಯೂಗಳಲ್ಲಿ ಸಿಗಲ್ಲ. ಮನೆಯಲ್ಲೇ ಟೇಪ್ ಹಿಡಿದು ನೋಡಬೇಕು.

ಮೊದಲು ಆ 'ಆರ್ಥೋ' ಪದವನ್ನೇ ನೋಡೋಣ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಅಂದರೆ ಮಂಡಿಯೊಳಗೆ ಹೋಗುವ ಲೋಹಕ್ಕೆ ಒಂದು ಲೆಕ್ಕ ಇದೆ. ಹಾಸಿಗೆಯ ಮೇಲಿನ 'ಆರ್ಥೋ' ಅನ್ನೋದು ಮಾತ್ರ ಯಾವ ಅಳತೆಯೂ ಅಲ್ಲ. ಒಂದು ಕಂಪನಿಯ ಆರ್ಥೋ ಹಾಸಿಗೆ ಹಲಗೆ ಥರ ಇದ್ದರೆ ಇನ್ನೊಂದು ಕಂಪನಿಯದ್ದು ಮೆತ್ತಗಿರಬಹುದು. ಆ ಹೆಸರಲ್ಲಿ ಮಾರೋದು ಸಾಮಾನ್ಯವಾಗಿ ಬೆನ್ನಿನ ಬಗ್ಗೆ ಯೋಚಿಸಿ ಮಾಡಿದ್ದು, ಮಂಡಿಯ ಬಗ್ಗೆ ಅಲ್ಲ.

ಬೆನ್ನಿಗೂ ಗಟ್ಟಿ ಇದ್ದಷ್ಟು ಒಳ್ಳೇದು ಅನ್ನೋದು ಪೂರ್ತಿ ನಿಜ ಅಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಪೇನ್ ದೇಶದ ಒಂದು ಅಧ್ಯಯನದಲ್ಲಿ, ಬಹಳ ದಿನದಿಂದ ಸೊಂಟ ನೋವಿದ್ದ 313 ಜನರಿಗೆ ಗಟ್ಟಿ ಮತ್ತು ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು ಹೋಲಿಸಿದ್ದರು. ಮೇಲಾಗಿ ಕಂಡದ್ದು ಮಧ್ಯಮ ಗಟ್ಟಿಯದ್ದೇ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಮೊದಲ ವರ್ಷ ಎಲ್ಲ ಬ್ರಾಂಚಿನವರೂ ಬಯ್ಕೊಂಡು ಓದಿದ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟ್ ಅಂದರೆ ಬಲ ಗುಣಿಸು ದೂರ, ಅಷ್ಟೇ. ಕೂತವರು ಏಳುವಾಗ ಮೈಭಾರವನ್ನು ಮಂಡಿಯ ಮೇಲೆ ಎತ್ತಬೇಕು. ತೊಡೆ ನೆಲಕ್ಕೆ ಸಮಾನಾಂತರವಾಗಿದ್ದಾಗ ಸೊಂಟ ಮಂಡಿಯಿಂದ ಅಡ್ಡಡ್ಡವಾಗಿ ಅತಿ ದೂರ ಇರುತ್ತೆ. ಆಗ ತೊಡೆಯ ಮುಂಭಾಗದ ಸ್ನಾಯು ಜೋರಾಗಿ ಎಳೀಬೇಕು. ಆಪರೇಷನ್ ಆದ ಮೇಲೆ ಸೋತಿರೋದು ಅದೇ ಸ್ನಾಯು. ಕೂರುವ ಜಾಗ ಮಂಡಿಗಿಂತ ತಗ್ಗಿದ್ದರೆ ಆ ಕಷ್ಟದ ಘಟ್ಟ ದಾಟದೆ ಏಳೋಕೆ ಆಗಲ್ಲ, ಜೊತೆಗೆ ಮಂಡಿಯನ್ನೂ ಹೆಚ್ಚು ಮಡಚಬೇಕು. ಸ್ವಲ್ಪ ಎತ್ತರದಲ್ಲಿ ಕೂತರೆ ಆ ಘಟ್ಟ ಬರೋದೇ ಇಲ್ಲ.

ಒಂದು ಲೆಕ್ಕ ಹಾಕೋಣ. ಅಜ್ಜಿ ಕುರ್ಚಿಯಲ್ಲಿ ಪಾದ ಊರಿ ಕೂತಾಗ ನೆಲದಿಂದ ಮಂಡಿಯ ಹಿಂಬದಿಯ ಮಡಿಕೆವರೆಗೆ 40 ಸೆಂ.ಮೀ. ಇದೆ ಅಂದ್ಕೊಳ್ಳಿ. ಮನೆಯ ಮಂಚ 30 ಸೆಂ.ಮೀ., ನಾವು ಆರ್ಡರ್ ಮಾಡಿದ ಮೆತ್ತನೆ ಫೋಮ್ 15 ಸೆಂ.ಮೀ. ಒಟ್ಟು 45, ಸಾಕಲ್ವಾ ಅನ್ನಿಸುತ್ತೆ. ಅಜ್ಜಿ ಅಂಚಿನಲ್ಲಿ ಕೂತಾಗ ಫೋಮ್ 7 ಸೆಂ.ಮೀ. ಕುಸಿದರೆ ಉಳಿಯೋದು 38. ಮಂಡಿಗಿಂತ ಕೆಳಗೆ ಹೋಯ್ತು. ಉಲ್ಟಾ ಕೇಸೂ ಇದೆ. 45 ಸೆಂ.ಮೀ. ಮಂಚಕ್ಕೆ ಎಂಟು ಇಂಚಿನ ಹಾಸಿಗೆ ಹಾಕಿದರೆ 65 ಆಗುತ್ತೆ, ಪಾದ ನೆಲಕ್ಕೇ ತಾಗಲ್ಲ, ಜಾರಿಕೊಂಡು ಇಳೀಬೇಕು. ಬೇಕಾಗಿರೋದು ಇವೆರಡರ ಮಧ್ಯದ್ದು: ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಕೊಳ್ಳುವ ಮೊದಲು ಮಂಚ ಅಳೆಯಿರಿ, ಕಾಲು ಅಳೆಯಿರಿ, ಅಂಗಡಿಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು ನೋಡಿ. ಮಧ್ಯದಲ್ಲಿ ಮಲಗಿ ನೋಡಿದರೆ ಸಾಲದು.

ಇದೇ ಕಾರಣಕ್ಕೆ ಮೆಮೊರಿ ಫೋಮ್ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. 1966ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ವಿಮಾನದ ಸೀಟಿಗಾಗಿ ಹುಟ್ಟಿದ ವಸ್ತು ಅದು. ಮೈಶಾಖಕ್ಕೆ ಮೆತ್ತಗಾಗಿ, ಮೈ ಆಕಾರಕ್ಕೆ ತಗ್ಗಿ, ನಿಧಾನವಾಗಿ ಮೇಲೆ ಬರುತ್ತೆ. ಮಲಗೋಕೆ ಹಾಯ್ ಅನ್ಸುತ್ತೆ. ಆದರೆ ಕಾಲಿನಲ್ಲಿ ಬಲ ಇಲ್ಲದವರು ಆ ಗುಂಡಿಯಿಂದ ಮಗ್ಗುಲು ಹೊರಳೋದೂ ಕಷ್ಟ, ಏಳೋದೂ ಕಷ್ಟ. ತೆಂಗಿನ ನಾರಿನ ಹಾಸಿಗೆಯ ಮೇಲೆ ತೆಳು ಫೋಮ್ ಇರೋದು ಅನೇಕರಿಗೆ ಸಾಕಾಗುತ್ತೆ. ಮನೆಯಲ್ಲೇ ಇರುವ ಹತ್ತಿ ಹಾಸಿಗೆ ಗಂಟುಗಟ್ಟಿರದಿದ್ದರೆ ಅದೂ ನಡೆಯುತ್ತೆ. ನವಾರಿನ ಮಂಚ ನಡುವೆ ಜೋಲು ಬಿದ್ದಿದ್ದರೆ ಹೊಸ ಹಾಸಿಗೆಗಿಂತ ಮೊದಲು ಒಂದು ಪ್ಲೈವುಡ್ ಹಲಗೆ ಬೇಕು. ಮಂಚ ತಗ್ಗಾಗಿದ್ದರೆ ಬಡಗಿ ಹತ್ರ ನಾಲ್ಕೂ ಕಾಲಿಗೆ ಒಂದೇ ಎತ್ತರದ, ಕಾಲು ಕೂರೋಕೆ ಗುಳಿ ಇರುವ ಮರದ ಅಡಿ ಮಾಡಿಸಬಹುದು. ಇಟ್ಟಿಗೆ ಪೇರಿಸೋದು ಮಾತ್ರ ಬೇಡ, ಜಾರಿದರೆ ಕಥೆ ಬೇರೆ.

"ನಮ್ಮಜ್ಜಿ ಜೀವನಪೂರ್ತಿ ಚಾಪೆ ಮೇಲೆ ಮಲಗಿದ್ದಾರೆ, ಅವರಿಗೆ ಮಂಚ ಆಗಿಬರಲ್ಲ" ಅಂತ ಕೆಲವರು ಹೇಳ್ತಾರೆ. ಇದು ಸುಮ್ನೆ ತಳ್ಳಿಹಾಕೋ ಮಾತಲ್ಲ. ಚಾಪೆ ಗಟ್ಟಿ ಅನ್ನೋದು ಇಲ್ಲಿ ಸಮಸ್ಯೆಯೇ ಅಲ್ಲ. ಚಾಪೆಗೆ ಇಳಿಯೋಕೆ ಮಂಡಿ ಪೂರ್ತಿ ಮಡಚಬೇಕು, ಏಳೋಕೆ ಮಂಡಿ ಊರಬೇಕು. ಆಪರೇಷನ್ ಆದ ಹೊಸದರಲ್ಲಿ ಅವೆರಡೂ ಆಗದ ಕೆಲಸ. ಗಟ್ಟಿ ಮೇಲೆ ಮಲಗಿ ಅಭ್ಯಾಸ ಇದ್ದವರಿಗೆ ಮಂಚದ ಮೇಲೂ ಗಟ್ಟಿಯಾಗಿಯೇ ಹಾಸಿಕೊಡಬಹುದು. ನಾವು ಅವರ ಅಭ್ಯಾಸ ಬದಲಿಸೋಕೆ ಹೊರಟಿಲ್ಲ, ಎತ್ತರ ಮಾತ್ರ ಬದಲಿಸ್ತಿದ್ದೀವಿ.

ಸರಿಯಾದ ಹಾಸಿಗೆ ಸಿಕ್ಕಿದರೂ ಮೊದಲ ಕೆಲವು ವಾರ ನಿದ್ದೆ ಸರಿಯಾಗಿ ಬರಲ್ಲ. ಊತ ಇರುತ್ತೆ, ರಾತ್ರಿ ನೋವು ಜಾಸ್ತಿ ಅನ್ಸುತ್ತೆ. ಆಗ ಮನೆಯವರು ಪ್ರೀತಿಯಿಂದ ಮಾಡೋ ಒಂದು ಕೆಲಸ ಅಂದ್ರೆ ಮಂಡಿ ಕೆಳಗೆ ದಿಂಬು ಇಡೋದು. ಹಿತವಾಗಿರುತ್ತೆ, ಆದರೆ ಮಂಡಿ ಮಡಚಿದ ಹಾಗೇ ಬಿಗಿಯಾಗಿ, ಆಮೇಲೆ ಪೂರ್ತಿ ನೇರ ಆಗೋದೇ ಕಷ್ಟವಾಗಬಹುದು. ದಿಂಬನ್ನು ಹಿಮ್ಮಡಿ ಕಡೆಗೆ ಇಟ್ಟು ಕಾಲು ನೇರ ಇರೋ ಹಾಗೆ ನೋಡಬೇಕು. ಡಾಕ್ಟರ್ ಒಪ್ಪಿದರೆ ಆಪರೇಷನ್ ಆಗದ ಕಡೆಯ ಮಗ್ಗುಲಲ್ಲಿ, ಎರಡು ಕಾಲಿನ ನಡುವೆ ದಿಂಬಿಟ್ಟು ಮಲಗಬಹುದು. ಬರೆದುಕೊಟ್ಟ ನೋವಿನ ಮಾತ್ರೆಯ ಒಂದು ಹೊತ್ತು ಮಲಗುವ ಸಮಯಕ್ಕೆ ಹೊಂದುತ್ತಾ ಅಂತ ಅವರನ್ನೇ ಕೇಳಬೇಕು. ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇವುಗಳಲ್ಲಿ ಬಹಳಷ್ಟನ್ನು ಆಸ್ಪತ್ರೆಯವರು ಹೇಳಿಯೇ ಕಳಿಸಿರ್ತಾರೆ. ಹೇಳಿದ್ದು ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷ್‌ನಲ್ಲಿ ಇರುತ್ತೆ, ಹಾಳೆ ಫೈಲಿನಲ್ಲಿ, ಫೈಲು ಬೀರುವಿನಲ್ಲಿ. ರಾತ್ರಿ ಪಕ್ಕದಲ್ಲಿ ಮಲಗೋ ಅತ್ತೆಗೋ ಚಿಕ್ಕಮ್ಮನಿಗೋ ಅದರಲ್ಲಿ ಏನಿದೆ ಅಂತ ಯಾರೂ ಕೂತು ಹೇಳಿರಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡ ಸಂಘಕ್ಕೆ ಸೇರಿ, ನವೆಂಬರ್‌ನಲ್ಲಿ ಬಾವುಟ ಹಾರಿಸೋ ನಮಗೆ ಇದಕ್ಕಿಂತ ನೇರವಾದ ಕನ್ನಡದ ಕೆಲಸ ಇನ್ನೇನಿದೆ? ಆ ಹಾಳೆ ಓದಿ, ಅರ್ಥ ಆಗದ್ದನ್ನು ಡಾಕ್ಟರ್ ಹತ್ರ ಕೇಳಿ, ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸೋಕೆ ಅರ್ಧ ಗಂಟೆ ಸಾಕು.

ಮಂಚದಿಂದ ಬಾತ್‌ರೂಮಿನವರೆಗಿನ ದಾರಿಯೂ ನಮ್ಮ ಲೆಕ್ಕದಲ್ಲೇ ಬರುತ್ತೆ. ಕಾಲೊರೆಸು ಮ್ಯಾಟ್ ತೆಗೀಬೇಕು, ಸಣ್ಣ ಲೈಟ್ ಹಾಕಬೇಕು, ಕರೆಂಟ್ ಹೋದರೆ ಕೈಗೆ ಸಿಗೋ ಹಾಗೆ ಟಾರ್ಚ್ ಇಡಬೇಕು. ಸೊಳ್ಳೆ ಪರದೆ ಏಳುವಾಗ ಕಾಲಿಗೆ ಸುತ್ತಿಕೊಳ್ಳಬಾರದು. ಒಬ್ಬರೇ ನಡೆಯಬಹುದು ಅಂತ ಡಾಕ್ಟರ್ ಹೇಳೋವರೆಗೂ ಯಾರಾದರೂ ಜೊತೆಗಿರಲೇಬೇಕು.

ಅಜ್ಜಿಯರನ್ನು ಕೇಳಿದರೆ "ನನಗೇನು ಬಿಡಪ್ಪ, ಹೇಗೋ ಆಗುತ್ತೆ" ಅಂತಾರೆ. ಹೇಗೋ ಆಗೋದು ಅಂದ್ರೆ ಎಷ್ಟೋ ಸಲ, ರಾತ್ರಿ ಯಾರನ್ನೂ ಎಬ್ಬಿಸಬಾರದು ಅಂತ ಸಂಜೆಯಿಂದಲೇ ನೀರು ಕುಡಿಯೋದು ಬಿಡೋದು. ದುಬಾರಿ ಹಾಸಿಗೆ ಅದನ್ನು ತಪ್ಪಿಸಲ್ಲ. ಸರಿ ಎತ್ತರದ ಮಂಚ ಅರ್ಧ ತಪ್ಪಿಸಬಹುದು, ಉಳಿದರ್ಧಕ್ಕೆ ಕರೆದರೆ ಬೇಜಾರಿಲ್ಲದೆ ಏಳೋರು ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವರು ನಮಗೆ ದುಡ್ಡಿನ ಬುದ್ಧಿ ಹೇಳಿ ಬೆಳೆಸಿದ್ದಾರೆ. ಅವರ ಹಾಸಿಗೆಯನ್ನಾದರೂ ನಾವು ಅವರ ಕಾಲು ನೋಡಿ ಹಾಕೋಣ. ಸೆಮ್ ರಜೆಗೆ ಊರಿಗೆ ಹೋದಾಗ, ಆಪರೇಷನ್ ಇರಲಿ ಬಿಡಲಿ, ಬ್ಯಾಗಲ್ಲಿ ಒಂದು ಟೇಪ್ ಇರಲಿ.