ಅಡಿಟಿಪ್ಪಣಿಯ ನೂರು ವರ್ಷ

ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಬಂತು. ಈ ಮೂರನ್ನೂ ಒಟ್ಟಿಗೆ ನೆನೆದರೆ ಆ ತಲೆಮಾರಿನವರು ಮುಂದಿನವರಿಗೆ ಕೊಟ್ಟ ಮಾತು ಕಣ್ಣೆದುರು ನಿಲ್ಲುತ್ತದೆ. ಕಾವ್ಯ ಬರೆದಷ್ಟೇ ಸಮರ್ಥವಾಗಿ ವಿಚಾರವನ್ನೂ ಕನ್ನಡದಲ್ಲಿ ಬರೆಯಬಹುದು. ಆಧಾರ ತೋರಿಸಿ, ವಾದ ಹೂಡಿ, ಒಪ್ಪದವರ ಮಾತಿಗೂ ಮರ್ಯಾದೆ ಕೊಟ್ಟು ಬರೆಯಬಹುದು. ಅದನ್ನು ಮುಂದಿನ ವಿದ್ಯಾರ್ಥಿಗಳಿಗೆ ಕಲಿಸಬಹುದು ಎಂಬುದೇ ಆ ಮಾತು. ಈಗ ಬೀದರಿನಿಂದ ಚಾಮರಾಜನಗರದವರೆಗೆ ವಿದ್ಯಾರ್ಥಿಗಳು ವರ್ಷವರ್ಷವೂ ಕನ್ನಡದಲ್ಲಿ ಸೆಮಿನಾರ್ ಲೇಖನ, ಕಿರುಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಪ್ಪಿಸುತ್ತಿದ್ದಾರೆ. ಬರೆಯಬಹುದು ಎಂಬ ಮಾತು ನಿಜವಾಗಿದೆ. ಕಲಿಸಬಹುದು ಎಂಬ ಮಾತಿನ ಗತಿ ಏನಾಯಿತು ಎಂಬುದನ್ನು ಈಗಲಾದರೂ ತಿರುಗಿ ನೋಡಬೇಕಾಗಿದೆ.

ಮೊದಲ ತಲೆಮಾರಿನ ವಿದ್ವಾಂಸರು ವಿಧಾನದ ಬಗ್ಗೆ ಉಪದೇಶ ಮಾಡಿದ್ದು ಕಡಮೆ; ವಿಧಾನವನ್ನು ಪುಟಪುಟದಲ್ಲೂ ಆಚರಿಸಿ ತೋರಿಸಿದರು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಮೂರನೆಯದು 1929ರಲ್ಲಿ. ಒಬ್ಬ ಕವಿಯ ಕಾಲ ಹೇಳಬೇಕಾದರೆ ಯಾವ ಶಾಸನ, ಯಾವ ಹಸ್ತಪ್ರತಿ, ಯಾವ ಪೂರ್ವಕವಿಯ ಸ್ಮರಣೆ ಎಂದು ಅಲ್ಲಿ ಆಧಾರ ಬಿಚ್ಚಿಡಲಾಗಿದೆ. ಆಧಾರ ಸಾಲದ ಕಡೆ ‘ಇರಬಹುದು’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಕೆ.ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಅಚ್ಚು ಮಾಡಿಸಿದ ಮೇಲೆ ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಆ ಚರ್ಚೆಯನ್ನು ಓದುತ್ತಾ ಬೆಳೆದ ವಿದ್ಯಾರ್ಥಿಗೆ ಪದ್ಯದ ಪಾಠ ಯಾವುದು, ಅದರ ಮೇಲೆ ಕಟ್ಟಿದ ಊಹೆ ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ತಾನಾಗಿಯೇ ಬರುತ್ತಿತ್ತು. ಡಿ.ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಆ ಶಿಸ್ತಿಗೆ ಶಾಸ್ತ್ರದ ರೂಪ ಕೊಟ್ಟರು. ಪುಟದ ಕೆಳಗೆ ಪಾಠಾಂತರ ಕೊಡುವುದೆಂದರೆ ಸಂಪಾದಕನ ಆಯ್ಕೆಯನ್ನು ಓದುಗನ ಪರೀಕ್ಷೆಗೆ ಒಡ್ಡುವುದು ಎಂಬ ತಿಳಿವು ಆ ಪೀಳಿಗೆಗೆ ಇತ್ತು. ಆದರೆ ಆ ಕಾಲವನ್ನು ಬರಿದೇ ಹಾಡಿಹೊಗಳುವಂತಿಲ್ಲ. ಗುರುವಿನ ಪಕ್ಕ ಕುಳಿತು ಕಲಿಯುವ ಆ ಭಾಗ್ಯ ಕೆಲವೇ ಊರುಗಳ, ಕೆಲವೇ ಮನೆತನಗಳ, ಬಹುಪಾಲು ಗಂಡುಮಕ್ಕಳ ಪಾಲಿಗೆ ಮಾತ್ರ ಒದಗಿತ್ತು. ಉಳಿದವರಿಗೆ ವಿಶ್ವವಿದ್ಯಾನಿಲಯದ ಬಾಗಿಲು ದೂರವೇ ಇತ್ತು.

ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಕನ್ನಡದ ಸಂಶೋಧನ ಬರಹ ಪ್ರಾಯಕ್ಕೆ ಬಂತು. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಸಿದ್ಧವಾಗಿ 1966ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಅನೇಕರಿಗೆ ಮಾದರಿಯಾಯಿತು. ದತ್ತಿ, ಗಡಿ, ಶಾಪಾಶಯಗಳ ಸಾಲುಗಳಿಂದ ಜನರ ಬದುಕನ್ನು ಹೇಗೆ ಕಟ್ಟಿಕೊಳ್ಳಬಹುದೆಂದು ಅದು ತೋರಿಸಿತು. ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ದಿಂದ ಆರಂಭಿಸಿ ‘ಮಾರ್ಗ’ದ ಸಂಪುಟಗಳವರೆಗೆ ಸಣ್ಣ ಸಣ್ಣ ಲೇಖನಗಳಲ್ಲೇ ದೊಡ್ಡ ಪ್ರಶ್ನೆಗಳನ್ನು ಬಗೆಹರಿಸುವ ದಾರಿ ಹಾಕಿದರು, ‘ಕನ್ನಡ ಸಂಶೋಧನ ಶಾಸ್ತ್ರ’ವನ್ನೂ ಬರೆದುಕೊಟ್ಟರು. ಈ ಬರಹಗಳಲ್ಲಿ ಇಂದಿನ ವಿದ್ಯಾರ್ಥಿ ಗಮನಿಸಬೇಕಾದ ಗುಣಗಳು ಸರಳವಾಗಿವೆ: ಮೊದಲ ಪುಟಗಳಲ್ಲೇ ಪ್ರಶ್ನೆ ಏನೆಂದು ಹೇಳುವುದು, ಹಿಂದಿನವರು ಎಲ್ಲಿಯವರೆಗೆ ಬಂದಿದ್ದಾರೆಂದು ತಿಳಿಸುವುದು, ತನ್ನ ವಾದಕ್ಕೆ ಒಗ್ಗದ ಆಧಾರವನ್ನು ಮುಚ್ಚಿಡದೆ ಎದುರಿಸುವುದು, ಹೇಳಿದ್ದಕ್ಕಿಂತ ಹೆಚ್ಚು ಸಾಧಿಸಿದಂತೆ ತೋರಿಸಿಕೊಳ್ಳದಿರುವುದು. ಇದೇ ಹೊತ್ತಿಗೆ ಜೀ.ಶಂ. ಪರಮಶಿವಯ್ಯನವರಂಥವರು ಜಾನಪದವನ್ನು ತರಗತಿಗೆ ತಂದರು. ಊರೂರು ಅಲೆದು, ಹಾಡಿದವರ ಹೆಸರು, ಊರು, ವಯಸ್ಸು ಬರೆದುಕೊಳ್ಳುವ ಪದ್ಧತಿ ಬೆಳೆಯಿತು. ಓದು ಬಾರದ ಗಾಯಕಿಗೂ ಗ್ರಂಥಕರ್ತನಿಗೆ ಸಲ್ಲುವಷ್ಟೇ ಋಣ ಸಲ್ಲಬೇಕೆಂಬ ದೊಡ್ಡ ನೀತಿ ಆ ಪದ್ಧತಿಯಲ್ಲಿತ್ತು. ಮುಂದಿನ ಎಷ್ಟೋ ಸಂಗ್ರಹಗಳಲ್ಲಿ ಆ ಹೆಸರುಗಳು ಬಿದ್ದುಹೋಗಿ ‘ಜನಪದರು’ ಎಂಬ ಒಂದೇ ಮಾತು ಉಳಿದದ್ದು ಈ ಕಥೆಯ ಮೊದಲ ನಷ್ಟ.

1980ರಲ್ಲಿ ಗುಲ್ಬರ್ಗ ಮತ್ತು ಮಂಗಳೂರು, 1987ರಲ್ಲಿ ಕುವೆಂಪು, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಂದವು. ನೂರು ವರ್ಷದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ. ಮನೆಯಲ್ಲಿ ಮೊದಲ ಬಾರಿ ಪದವಿ ಕಂಡವರು, ದಲಿತರು, ಹೆಣ್ಣುಮಕ್ಕಳು, ಹೊಲಗದ್ದೆಯಿಂದ ಬಂದವರು ಸಂಶೋಧನೆಗೆ ಕುಳಿತರು. ಅವರೊಂದಿಗೆ ಹೊಸ ಪ್ರಶ್ನೆಗಳು ಬಂದವು: ಸಾಹಿತ್ಯ ಚರಿತ್ರೆಯಲ್ಲಿ ಹೆಸರಿಲ್ಲದವರು ಎಲ್ಲಿ ಹೋದರು, ಕಸುಬಿನ ಜ್ಞಾನ ಜ್ಞಾನವಲ್ಲವೇ, ಮೌಖಿಕ ಕಾವ್ಯದಲ್ಲಿ ಯಾರ ಚರಿತ್ರೆ ಅಡಗಿದೆ. ಅನುಭವದ ಈ ಶ್ರೀಮಂತಿಕೆ ಹಳೆಯ ಪೀಳಿಗೆಗೆ ಇರಲಿಲ್ಲ. ಆದರೆ ಬಾಗಿಲು ತೆರೆದ ನಾವು ಒಳಗೆ ಬಂದವರ ಜೊತೆ ಕೂರಲಿಲ್ಲ. ಶ್ರೀಕಂಠಯ್ಯನವರ ಕಾಲದ ಗುರು ಕರಡನ್ನು ಸಾಲುಸಾಲಾಗಿ ಓದಿ ತಿದ್ದುತ್ತಿದ್ದರೆ, ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದು ಅತಿಥಿ ಉಪನ್ಯಾಸಕರ ಮೇಲೆ ವಿಭಾಗಗಳು ನಡೆಯತೊಡಗಿದ ಕಾಲದಲ್ಲಿ ಆ ಓದು ಅಪರೂಪವಾಯಿತು. ಬರವಣಿಗೆಯ ಕಟ್ಟುಪಾಡು ಮನೆಯಿಂದ ಬಾರದವರಿಗೆ ವಿಶ್ವವಿದ್ಯಾನಿಲಯದಿಂದಲೂ ಬಾರದೆ ಹೋಯಿತು. ಅವರು ಗ್ರಂಥಾಲಯದಲ್ಲಿ ಸಿಕ್ಕ ಹಿಂದಿನ ಪ್ರಬಂಧವನ್ನು ಅಚ್ಚಾಗಿ ಇಟ್ಟುಕೊಂಡು ಬರೆದರು. ಅದರ ತಪ್ಪುಗಳೂ ಪರಂಪರೆಯಾದವು.

ಆ ತಪ್ಪುಗಳನ್ನು ಪ್ರಬಂಧ ಓದಿದವರೆಲ್ಲ ಬಲ್ಲರು. ಶೀರ್ಷಿಕೆಯ ಕೊನೆಗೆ ‘ಒಂದು ಅಧ್ಯಯನ’ ಎಂದಿರುತ್ತದೆ, ಅಧ್ಯಯನದ ಪ್ರಶ್ನೆ ಮಾತ್ರ ಎಲ್ಲೂ ಇರುವುದಿಲ್ಲ. ಒಬ್ಬ ಕಾದಂಬರಿಕಾರರ ಮೇಲಿನ ಪ್ರಬಂಧ ಅವರ ಜಿಲ್ಲೆಯ ಮಳೆ, ಬೆಳೆ, ಗಡಿಗಳಿಂದ ಶುರುವಾಗುತ್ತದೆ. ಎರಡನೆಯ ಅಧ್ಯಾಯ ಜೀವನಚರಿತ್ರೆ, ಮೂರನೆಯದರಿಂದ ಕಥಾಸಾರ. ಉದ್ಧರಣೆ ಅರ್ಧ ಪುಟ ಹರಿದು, ಅದರ ಕೆಳಗೆ ‘ಎಂಬ ಮಾತು ಇಲ್ಲಿ ಗಮನಾರ್ಹ’ ಎಂದಷ್ಟೇ ಇರುತ್ತದೆ. ಯಾಕೆ ಗಮನಾರ್ಹ ಎಂಬ ವಿವರಣೆಯೇ ವಿದ್ಯಾರ್ಥಿಯ ನಿಜವಾದ ಕೆಲಸವಾಗಿತ್ತು. ಶಾಸನವನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ತೆರೆದು ನೋಡದೆ ಬೇರೊಬ್ಬರ ಪುಸ್ತಕದಿಂದ ಎತ್ತಿಕೊಂಡು, ಟಿಪ್ಪಣಿಯಲ್ಲಿ ಮಾತ್ರ ಮೂಲ ಸಂಪುಟದ ಸಂಖ್ಯೆ ಕೊಡುವುದು ಇನ್ನೊಂದು ರೂಢಿ. ಆ ಪುಸ್ತಕದಲ್ಲಿ ಅಚ್ಚಿನ ತಪ್ಪಿದ್ದರೆ ಅದು ಐದು ಪ್ರಬಂಧಗಳಲ್ಲಿ ಪ್ರಮಾಣವಾಗಿ ನಿಲ್ಲುತ್ತದೆ. ಪರಿಷ್ಕೃತ ಮುದ್ರಣ ಯಾವುದು, ಮೊದಲ ಮುದ್ರಣ ಯಾವುದು ಎಂಬ ವಿವೇಚನೆ ಇಲ್ಲದೆ ಇಸವಿ ಹಾಕುವುದು, ‘ಅದೇ, ಪು. 45’ ಎಂದು ಬರೆದ ಮೇಲೆ ನಡುವೆ ಬೇರೆ ಟಿಪ್ಪಣಿ ಸೇರಿಸಿ ‘ಅದೇ’ ಯಾವುದೆಂದು ತಿಳಿಯದಂತೆ ಮಾಡುವುದು, ಓದದ ಪುಸ್ತಕಗಳನ್ನು ಪರಾಮರ್ಶನ ಗ್ರಂಥಗಳ ಪಟ್ಟಿಗೆ ತುಂಬುವುದು ಸಣ್ಣ ತಪ್ಪುಗಳಂತೆ ಕಾಣುತ್ತವೆ. ಆದರೆ ಇವೆಲ್ಲದರ ಬೇರು ಒಂದೇ: ತನ್ನ ಮಾತು ಎಲ್ಲಿ ಮುಗಿಯಿತು, ಇನ್ನೊಬ್ಬರ ಮಾತು ಎಲ್ಲಿ ತೊಡಗಿತು ಎಂದು ಓದುಗನಿಗೆ ಕಾಣಿಸಬೇಕೆಂಬ ಹೊಣೆ ಮನಸ್ಸಿಗೆ ಇಳಿದಿಲ್ಲ. ಕೊನೆಯ ಅಧ್ಯಾಯ ‘ಸಮಾರೋಪ’ ಎಂಬ ಹೆಸರಿನಲ್ಲಿ ಹಿಂದಿನ ಅಧ್ಯಾಯಗಳನ್ನೇ ಮತ್ತೆ ಹೇಳಿ ಮುಗಿಯುವುದೂ ಇದರಿಂದಲೇ. ಪ್ರಶ್ನೆ ಇಲ್ಲದ ಕಡೆ ಉತ್ತರ ಎಲ್ಲಿಂದ ಬರಬೇಕು?

ಹೊಸ ಶತಮಾನದಲ್ಲಿ ದೆಹಲಿಯಿಂದ ನಿಯಮಗಳು ಬಂದವು. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ಸಂಶೋಧನ ವಿಧಾನವನ್ನು ಒಳಗೊಂಡ ಕೋರ್ಸ್‌ವರ್ಕನ್ನೂ, ಪ್ರಬಂಧ ಒಪ್ಪಿಸುವ ಮುನ್ನ ಒಂದು ಲೇಖನದ ಪ್ರಕಟಣೆಯನ್ನೂ ಕಡ್ಡಾಯ ಮಾಡಿತು. 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ಬಂತು. ಉದ್ದೇಶ ಒಳ್ಳೆಯದಿತ್ತು, ಫಲ ಬೇರೆಯಾಯಿತು. ಹಣ ಪಡೆದು ಓದದೆಯೇ ಅಚ್ಚು ಹಾಕುವ, ಐಎಸ್ಎಸ್ಎನ್ ಸಂಖ್ಯೆಯೊಂದೇ ಬಂಡವಾಳವಾದ ನಿಯತಕಾಲಿಕಗಳು ಅಣಬೆಗಳಂತೆ ಎದ್ದವು. ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳು ಸಂಪಾದಕನ ತಿದ್ದುಗಣ್ಣಿನಿಂದ ಲೇಖಕರನ್ನು ಬೆಳೆಸಿದ್ದ ನಾಡಿನಲ್ಲಿ ಪ್ರಕಟಣೆ ಎಂಬುದು ರಸೀದಿಯಾಯಿತು. ಅದೇ ಕಾಲದ ಒಂದು ದೊಡ್ಡ ಲಾಭವನ್ನೂ ಹೇಳಲೇಬೇಕು. ಬೀರುಗಳಲ್ಲಿ ಬೀಗದೊಳಗಿದ್ದ ಪ್ರಬಂಧಗಳು ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದ ಮೂಲಕ ಯಾರಿಗೂ ಸಿಗುವಂತಾದವು. ರಾಯಚೂರಿನ ವಿದ್ಯಾರ್ಥಿನಿ ಮೈಸೂರಿಗೆ ಬಸ್ ಹತ್ತದೆ ತನ್ನ ವಿಷಯದ ಹಿಂದಿನ ಕೆಲಸವನ್ನು ಓದಬಲ್ಲಳು.

2018ರ ಜುಲೈಯಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಬಂದಾಗ ಹೋಲಿಕೆಯನ್ನು ಶೇಕಡಾವಾರು ಅಳೆಯುವ ಯುಗ ಶುರುವಾಯಿತು. ಶೇಕಡಾ 10ರವರೆಗೆ ದಂಡವಿಲ್ಲ. 40ರವರೆಗೆ ತಿದ್ದಿ ಕೊಡಬೇಕು. 60ರವರೆಗೆ ಒಂದು ವರ್ಷ ತಡೆ. ಅದಕ್ಕೂ ಮೀರಿದರೆ ನೋಂದಣಿ ರದ್ದು. ಭಯ ಹುಟ್ಟಿತು, ಒಂದಷ್ಟು ಎಚ್ಚರವೂ ಬಂತು. ಆದರೆ ವಿದ್ಯಾರ್ಥಿಗಳು ಬಹುಬೇಗ ಕಲಿತದ್ದು ಸಂಖ್ಯೆಯನ್ನು ಇಳಿಸುವ ಉಪಾಯ: ‘ಮುಖ್ಯ’ ಇದ್ದಲ್ಲಿ ‘ಪ್ರಮುಖ’, ‘ಹೇಳುತ್ತಾನೆ’ ಇದ್ದಲ್ಲಿ ‘ನುಡಿಯುತ್ತಾನೆ’. ಪದ ಬದಲಾಯಿತು, ವಿಚಾರದ ಒಡೆಯ ಅಡಿಟಿಪ್ಪಣಿಗೆ ಬರಲೇ ಇಲ್ಲ. ಕನ್ನಡಕ್ಕೆ ಇನ್ನೂ ಎರಡು ಕಿಂಡಿಗಳಿದ್ದವು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ತನ್ನದೆಂದು ಕೊಟ್ಟರೆ ಪದಗಳ ಹೋಲಿಕೆಯಷ್ಟನ್ನೇ ಹುಡುಕುವ ಯಂತ್ರಕ್ಕೆ ಅದು ಸ್ವಂತ ಬರಹ. ಅನುವಾದ ಮಾಡಿದರೂ ಋಣ ಉಳಿಯುತ್ತದೆ ಎಂದು ಯಂತ್ರ ಹೇಳಲಾರದು; ಅದನ್ನು ಹೇಳಬೇಕಾದವರು ಅಧ್ಯಾಪಕರು. ವಿಷಾದದ ಸಂಗತಿ ಇನ್ನೊಂದಿದೆ. ಅದೇ ನಿಯಮಾವಳಿ ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳಿಗೆ ಈ ಕುರಿತು ತಿಳಿವಳಿಕೆ ನೀಡಬೇಕು, ಪದವಿ ಮತ್ತು ಸ್ನಾತಕೋತ್ತರ ಪಠ್ಯದಲ್ಲೇ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಸೇರಿಸಬೇಕು ಎಂದೂ ಹೇಳಿತ್ತು. ದಂಡದ ಭಾಗ ಎಲ್ಲರ ಬಾಯಲ್ಲಿದೆ, ಕಲಿಸುವ ಭಾಗ ಯಾರ ನೆನಪಿನಲ್ಲೂ ಇಲ್ಲ.

2022ರಲ್ಲಿ ಮತ್ತೆ ನಿಯಮ ಬದಲಾಗಿ ಎಂ.ಫಿಲ್. ನಿಂತಿತು, ಪ್ರಬಂಧಕ್ಕೆ ಮುನ್ನ ಪ್ರಕಟಣೆಯ ಕಡ್ಡಾಯವೂ ಹೋಯಿತು. ಅದೇ ವರ್ಷದ ಕೊನೆಗೆ ಚಾಟ್‌ಜಿಪಿಟಿ ಬಂದು, ಕೇಳಿದಷ್ಟು ಪುಟ ಬರೆದುಕೊಡುವ ಯಂತ್ರ ಎಲ್ಲರ ಕೈಗೆ ಸಿಕ್ಕಿತು. ಇಲ್ಲದ ಪುಸ್ತಕಕ್ಕೆ ಲೇಖಕ, ಇಸವಿ, ಪುಟಸಂಖ್ಯೆ ಹುಟ್ಟಿಸಿ ಕೊಡುವುದೂ ಅದಕ್ಕೆ ಸಾಧ್ಯ. ಹೋಲಿಕೆಯ ಶೇಕಡಾವಾರು ಇಲ್ಲಿ ಕೈಕಟ್ಟಿ ನಿಲ್ಲುತ್ತದೆ. ಆ ಪುಸ್ತಕವನ್ನು ವಿದ್ಯಾರ್ಥಿ ತೆರೆದು ನೋಡಿದ್ದಾನೆಯೇ ಎಂಬ ಹಳೆಯ ಪ್ರಶ್ನೆಯೊಂದೇ ಇಲ್ಲಿ ಕೆಲಸಕ್ಕೆ ಬರುವಂಥದ್ದು. ಅದನ್ನು ಕೇಳಲು ಮಾರ್ಗದರ್ಶಕರು ಕರಡನ್ನು ಓದಿರಬೇಕು.

ನೂರು ವರ್ಷದ ಜಮಾಖರ್ಚು ಹೀಗಿದೆ: ಆಕರಗಳು ಹೆಚ್ಚಿದವು, ಬರೆಯುವವರು ಹೆಚ್ಚಿದರು, ಪ್ರಶ್ನೆಗಳು ಹಿಗ್ಗಿದವು, ತಿದ್ದುವ ಕೈ ಮಾತ್ರ ಕಡಮೆಯಾಯಿತು. ಕಳೆದುಕೊಂಡದ್ದು ದುಬಾರಿ ವಸ್ತುವಲ್ಲ, ಮರಳಿ ಪಡೆಯಬಹುದು. ಪಿಎಚ್.ಡಿ.ಗೆ ಬಂದ ಮೇಲೆ ಬರವಣಿಗೆ ಕಲಿಸುವುದು ತಡವಾಯಿತೆಂದೇ ಲೆಕ್ಕ. ಪದವಿಯ ಮೊದಲ ವರ್ಷದಲ್ಲೇ ಒಂದು ಪುಟದ ಬರಹ ಕೊಟ್ಟು, ಮೂರು ಆಕರ ತೋರಿಸಿ, ಉದ್ಧರಣೆಯ ಕೆಳಗೆ ಸ್ವಂತ ನಾಲ್ಕು ಸಾಲು ಬರೆಯಲು ಹೇಳಬೇಕು. ಅಂತಿಮ ಪ್ರತಿಗಷ್ಟೇ ಅಲ್ಲದೆ ಕರಡಿಗೂ, ತಿದ್ದಿದ ಕರಡಿಗೂ ಅಂಕ ಇರಬೇಕು. ಕರಡು ಓದುವ ಹೊತ್ತನ್ನು ಅಧ್ಯಾಪಕರ ಕೆಲಸದ ವೇಳಾಪಟ್ಟಿಯಲ್ಲಿ ಪಾಠದಷ್ಟೇ ಗೌರವದಿಂದ ಎಣಿಸಬೇಕು, ಖಾಲಿ ಹುದ್ದೆಗಳನ್ನು ತುಂಬಬೇಕು. ಕನ್ನಡ ವಿಭಾಗಗಳೆಲ್ಲ ಸೇರಿ ಆಕರ ಸೂಚಿಸುವ ಒಂದೇ ಪದ್ಧತಿಯನ್ನು ಒಪ್ಪಿ, ಅದನ್ನು ಯೂನಿಕೋಡಿನಲ್ಲಿ ಒಂದು ಕಿರುಹೊತ್ತಗೆಯಾಗಿ ಎಲ್ಲ ವಿದ್ಯಾರ್ಥಿಗಳಿಗೂ ಕೊಡಬೇಕು. ಮೌಖಿಕ ಪರೀಕ್ಷೆಯಲ್ಲಿ ಹೋಲಿಕೆಯ ಪ್ರಮಾಣಪತ್ರ ನೋಡುವ ಮುನ್ನ ‘ನಿಮ್ಮ ಪ್ರಶ್ನೆ ಏನಾಗಿತ್ತು?’ ಎಂದು ಕೇಳಬೇಕು. ಈ ಕೆಲಸಗಳಿಗೆ ಹೊಸ ಆಯೋಗವಾಗಲಿ ಹೊಸ ನಿಯಮಾವಳಿಯಾಗಲಿ ಬೇಕಿಲ್ಲ. ಮೊದಲ ಪೀಳಿಗೆ ಕೆಲವರಿಗಷ್ಟೇ ಕೊಡಲು ಸಾಧ್ಯವಾದ ಶಿಕ್ಷಣವನ್ನು ಈಗ ಒಳಗೆ ಬಂದಿರುವ ಎಲ್ಲರಿಗೂ ಕೊಟ್ಟಾಗಲೇ ಆ ಪೀಳಿಗೆ ಕೊಟ್ಟ ಮಾತು ಪೂರ್ತಿ ಸಂದಂತೆ.