ರಜೆಯ ದಿನಕ್ಕೆ ಕಾಯಬೇಡಿ



ಗರ್ಭ ನಿಂತೀತೆಂಬ ಭಯವಿದ್ದರೂ ಭಾನುವಾರದ ತನಕ ಕಾದರೆ ಹೊತ್ತು ಮೀರುತ್ತದೆ.

ಲೆವೊನೋರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆಯನ್ನು ಕೂಡಿದ 72 ಗಂಟೆಯೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಗುಣ ಹೆಚ್ಚು. ವಾಕರಿಕೆ, ಮುಟ್ಟಿನಲ್ಲಿ ಏರುಪೇರು ಆಗಬಹುದು. 2 ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕು. ಇದು ನಿಂತ ಗರ್ಭವನ್ನು ತೆಗೆಯುವುದಿಲ್ಲ. ಗರ್ಭಪಾತದ ಮಾತ್ರೆಯೇ ಬೇರೆ. ಪದೇ ಪದೇ ನುಂಗುವ ಮಾತ್ರೆಯೂ ಅಲ್ಲ.

ಕಾಪರ್-ಟಿ ಇದಕ್ಕಿಂತ ಗಟ್ಟಿ. 5 ದಿನದೊಳಗೆ ಹಾಕಿಸಿಕೊಂಡರೆ ನೂರರಲ್ಲಿ 99 ಮಂದಿಗಿಂತ ಹೆಚ್ಚು ಜನರಿಗೆ ಗರ್ಭ ನಿಲ್ಲದು. ಮುಂದೆಯೂ ವರ್ಷಗಟ್ಟಲೆ ಕಾವಲು. ಮುಟ್ಟಿನ ಸ್ರಾವ, ನೋವು ಹೆಚ್ಚಬಹುದು. ಗರ್ಭಕೋಶದಲ್ಲಿ ಸೋಂಕಿದ್ದರೆ ಹಾಕುವುದಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಅಂದೇ ಕೇಳಿ. ಗಂಡಂದಿರೇ, ಜೊತೆಗೆ ಹೋಗಿ. ಮೇಸ್ತ್ರಿಗಳೇ, ಕಾರಣ ಕೆದಕದೆ ಅರ್ಧ ದಿನ ಬಿಡಿ.